ಹಲ್ಲಿನ ಡಾಕ್ಟರು

ಮಂಗಳವಾರ ಸಂಜೆ ಐದಕ್ಕೆ
ನನಗೆ ಹಲ್ಲುನೋವು.
ದಾರ್ಸೈತಿನ ನಮ್ಮ ಬಿಲ್ಡಿಂಗಿಗೆಲ್ಲ ಗೊತ್ತು:
ಕೋಟ್ಯಾನರ ಮಗಳಿಗೆ ಹದಿನೈದಕ್ಕೇ
ಬಾಯಿ ತುಂಬ ಹುಳುಕು.
ಜಸಿಂತಾ ಆಂಟಿ ಲವಂಗದೆಣ್ಣೆ ತಂದುಕೊಟ್ಟರು,
ಎರಡನೇ ಮಹಡಿಯ ಪಠಾಣ್ ಅಂಕಲ್
ಪೇಶಾವರದಿಂದ ತರಿಸಿದ ಅಕ್ರೋಟಿನ ತೊಗಟೆ.
ಎರಡನ್ನೂ ಇಸಿದುಕೊಂಡು ಅಮ್ಮ
"ಬೇರು ತುಂಬ ಆಳ ಇದೆಯಂತೆ" ಅಂದಳು.
ಅದೊಂದು ಮಾತ್ರ ಸುಳ್ಳಲ್ಲ.

ಪಪ್ಪನ ಎಕೋ ಕಾರು. ಏಸಿ ಸತ್ತು ಎರಡು ಬೇಸಗೆ.
(ಪಪ್ಪ ಏಸಿ ಮೆಕ್ಯಾನಿಕ್ಕು,
ಅರ್ಧ ಮಸ್ಕತ್ತನ್ನು ತಣ್ಣಗಿಡುವವರು.)
ಅಲ್ ಖುವೈರಿನಲ್ಲಿ, ದರ್ಜಿ ಅಂಗಡಿಯ ನೆತ್ತಿಯ ಮೇಲೆ
ಬೋರ್ಡು: ಅರಬ್ಬಿ, ಇಂಗ್ಲಿಷು, ಫ್ರೆಂಚು.
ಮೂರರಲ್ಲೂ ಹಲ್ಲಿನ ಸುದ್ದಿಯಿಲ್ಲ.

ಬೈರೂತಿನ ಡಾಕ್ಟರು ನಾಯ್ಲಾ.
ಐವತ್ತು ನಿಮಿಷಕ್ಕೆ ಇಪ್ಪತ್ತೈದು ರಿಯಾಲು,
ಆಡಿದರೂ ಅಷ್ಟೆ, ಆಡದಿದ್ದರೂ ಅಷ್ಟೆ.
ನಾನು ಆಡಲಿಲ್ಲ.
ಐದು ವಾರ ಅವರ ಮೇಜಿನ ಕಳ್ಳಿಗಿಡದ
ಮುಳ್ಳೆಣಿಸಿದೆ: ಇನ್ನೂರ ಹದಿನಾಲ್ಕು.
ಮಾತು ಬೆಳ್ಳಿ, ಮೌನ ಬಂಗಾರ:
ಗಾದೆಯಲ್ಲ ಇದು, ಮತ್ರಾ ಸೂಕಿನ ದರಪಟ್ಟಿ, ಎಂದು
ಪಪ್ಪ ಲೆಕ್ಕ ಹಾಕಿರಬೇಕು ಕೆಳಗೆ ಕಾರಿನಲ್ಲಿ
ಕತ್ತು ಒರೆಸಿಕೊಳ್ಳುತ್ತ.

ಏನಾಗಿತ್ತು ನನಗೆ?
ಶಾಲೆಯ ಅಸೆಂಬ್ಲಿಯಲ್ಲಿ ಸುದ್ದಿ ಓದುತ್ತಿದ್ದೆ,
ಹವಾಮಾನದ ಸಾಲಿಗೆ ಬಂದಾಗ
ಗಂಟಲಿನಲ್ಲಿ ಯಾರೋ ಶಟರ್ ಎಳೆದರು.
ಮಧ್ಯಾಹ್ನ ಮುಚ್ಚಿದ ರೂವಿಯ ಅಂಗಡಿ
ನಾಲ್ಕಕ್ಕಾದರೂ ತೆರೆಯುತ್ತದೆ.
ನನ್ನಲ್ಲಿ ಬರೀ ಹ್ಞಾಂ, ಉಹ್ಞೂಂ
ಶಟರಿನ ಕೆಳಗಿನ ಸಂದಿಯಿಂದ.

ಆರನೇ ವಾರ ಡಾಕ್ಟರು ಚೀಟಿ ಬರೆದರು.
ಔಷಧಿಯೆಂದು ಪಪ್ಪ ಫಾರ್ಮಸಿಗೆ ಹೋದರು.
ಕೌಂಟರಿನ ಮಲಯಾಳಿ ಹುಡುಗ
ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದು ನೋಡಿದ,
"ಚೇಟ್ಟಾ, ಇದು ಸಿನಿಮಾ" ಅಂದ.

ಫ್ರೆಂಚು ಕಲಿಸುವವರ ಹಾಲು, ಮಡಚುವ ಕುರ್ಚಿ.
ಪಪ್ಪ ಮದುವೆಗೆ ಹೊರಟಂತೆ ಇಸ್ತ್ರಿ ಅಂಗಿ.
ಮಾತು ಫ್ರೆಂಚು, ಅಡಿಬರಹ ಅರಬ್ಬಿ.
ಪರದೆಯಲ್ಲಿ ನನ್ನ ಪ್ರಾಯದ ಹುಡುಗ
ಸೋಫಾದ ಮೇಲೆ ಕಾಲು ಚಾಚಿ
ಬೀಳದ ಕನಸುಗಳನ್ನು ಡಾಕ್ಟರಿಗೆ ಮಾರುತ್ತಿದ್ದಾನೆ,
ಜನ ನಗುತ್ತಿದ್ದಾರೆ.
ಪಪ್ಪನಿಗೆ ಅರಬ್ಬಿ ಕೇಳಿದರೆ ತಿಳಿಯುತ್ತದೆ,
ಇಪ್ಪತ್ತು ವರ್ಷ ಫೋರ್‌ಮನ್ನರ ಬೈಗಳ ಉಂಡ ಕಿವಿ;
ಅಕ್ಷರ ಗೊತ್ತಿಲ್ಲ.
ನನಗೆ ಶಾಲೆಯ ಪುಣ್ಯ, ಅಕ್ಷರ ಗೊತ್ತು;
ಅರ್ಥ ಅಷ್ಟಕ್ಕಷ್ಟೆ.

"ಏನಂತೆ ಮಗಾ? ಓದು" ಅಂದರು.
ಮತ್ತೆ ಅಂದರು.
ಡಾಕ್ಟರು ಬರೆದುಕೊಳ್ಳುತ್ತಲೇ ನಿದ್ದೆ ಹೋದ.
ಹುಡುಗ ಮೆಲ್ಲನೆದ್ದು ಅವನ ಕನ್ನಡಕ ತಗೊಂಡು
ಕುರ್ಚಿಯಲ್ಲಿ ಕೂತ. ಬಾಗಿಲು ತೆರೆದು
ಒಳಬಂದವಳು ಹುಡುಗನ ಸ್ವಂತ ತಾಯಿ.
ಅವನು ಕೆಮ್ಮಿ, ಗಂಭೀರವಾಗಿ ಏನೋ ಕೇಳಿದ.
ಕೆಳಗೆ ಎರಡೇ ಪದ.

"ಮುಂದು ಮತಾ?"
ಓದಿದೆ. ನನ್ನದೇ ದನಿ, ತುಕ್ಕು ಹಿಡಿದದ್ದು.
ನನಗೆ ಕೇಳಿಸಿದ್ದು: ಮುಂದಿನ ಮಾತು?
"ಎಷ್ಟು ದಿನದಿಂದ ಹೀಗೆ, ಅಂತ"
ಪಪ್ಪ ನನಗೆ ತಿಳಿಸಿ ಹೇಳಿ,
ಆಮೇಲೆ, ಇಡೀ ಹಾಲು ನಕ್ಕು ಮುಗಿಸಿದ ಮೇಲೆ
ಒಬ್ಬರೇ ನಕ್ಕರು, ಕುರ್ಚಿ ಕಿರುಗುಟ್ಟುವಂತೆ.
ಮುಂದಿನ ಸಾಲು ಓದಿದೆ. ಅದರ ಮುಂದಿನದು.
ನಾನು ಸದ್ದು, ಅವರು ಅರ್ಥ,
ಹಿಂದಿನ ಸಾಲಿನವರು "ಶ್ಶ್" ಅಂದರು.
ನನಗೆ! ಸುಮ್ಮನಿರು ಅಂತ!

ತಲೆ ಹಿಂದಕ್ಕೊಗೆದು ನಗುವ ಬಾಯೊಳಗೆ
ಪರದೆಯ ಬೆಳಕು ಬಿದ್ದು ಕಂಡೆ:
ದವಡೆಯಲ್ಲಿ ಮೂರು ಖಾಲಿ ಜಾಗ,
ಇನ್ನೊಂದು ಕಪ್ಪಗೆ, ಅಲುಗಾಡುತ್ತ.
ಇಷ್ಟು ವರ್ಷ ತುಟಿ ಮುಚ್ಚಿಯೇ ನಗುತ್ತಿದ್ದರು,
ಸಂಕೋಚದ ಮನುಷ್ಯ ಅಂದುಕೊಂಡಿದ್ದೆವು.

ಮೆಟ್ಟಿಲಲ್ಲಿ ಜಸಿಂತಾ ಆಂಟಿ:
"ಈಗ ಹೇಗಿದೆ ಹಲ್ಲು?"
"ನನ್ನದಲ್ಲ ಆಂಟಿ," ಅಂದೆ, "ಪಪ್ಪಂದು."

ರಾತ್ರಿ ಅಡುಗೆಮನೆಯಲ್ಲಿ ದೀಪ ಹಾಕದೆ ಅವರು
ಲವಂಗದೆಣ್ಣೆಯ ಬಿರಡೆ ತಿರುಗಿಸುತ್ತಿದ್ದರು.
ಹತ್ತಿ ಎಲ್ಲಿದೆ ಅಂತ ನಾನೇ ಹೇಳಿದೆ.